1836ರ ಕಬ್ಬಿಣದ ಹಳ್ಳಿಯಲ್ಲಿ ವಾಲಂಟಿಯರ್ ಆಗೋದು: ಬಟ್ಟೆ ಮೊದಲಾ, ಕೆಲಸ ಮೊದಲಾ?

ಜರ್ಸಿ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಮಾನ್ಮತ್ ಕೌಂಟಿಯಲ್ಲಿ ಅಲೇರ್ ಅಂತ, ಹಿಂದೆ ಕಬ್ಬಿಣ ತಯಾರಿಸುತ್ತಿದ್ದ ಒಂದು ಹಳೇ ಹಳ್ಳಿ ಇದೆ, ಈಗ ಅದು ಮ್ಯೂಸಿಯಂ. ನಾನು ಅಲ್ಲಿ ವಾಲಂಟಿಯರ್. 1836ರ ಕಾಲದ ಬಟ್ಟೆ ಹಾಕಿಕೊಂಡು, ಆಗಿನ ಜನ ಹೇಗೆ ಅಡುಗೆ ಮಾಡುತ್ತಿದ್ದರು, ಹೇಗೆ ದುಡಿಯುತ್ತಿದ್ದರು ಅಂತ ಬಂದವರಿಗೆ ಮಾಡಿ ತೋರಿಸುತ್ತೇವೆ. ನಮ್ಮ ಕನ್ನಡದವರಲ್ಲಿ ಹಲವರು ಈಚೆಗೆ ಸೇರಬೇಕು ಅಂತ ಕೇಳುತ್ತಿದ್ದಾರೆ. ಎಲ್ಲರದೂ ಮೊದಲ ಪ್ರಶ್ನೆ ಒಂದೇ: ಬಟ್ಟೆ ಎಲ್ಲಿ ಸಿಗುತ್ತೆ? ದಯವಿಟ್ಟು ಇನ್ನೂ ಏನೂ ಕೊಳ್ಳಬೇಡಿ. ಮೊದಲು ಒಂದು ಕೆಲಸ ಕಲಿಯಿರಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಅಮೆರಿಕದಲ್ಲಿ ರೀ-ಎನಾಕ್ಟ್‌ಮೆಂಟ್, ಅಂದರೆ ಹಳೇ ಕಾಲವನ್ನು ವೇಷ ಹಾಕಿ ಮತ್ತೆ ಮಾಡಿ ತೋರಿಸೋದು, ಅಂದ ತಕ್ಷಣ ಜನಕ್ಕೆ ನೆನಪಾಗೋದು ಸಿವಿಲ್ ವಾರ್, ಅಲ್ಲಿನ ಅಂತರ್ಯುದ್ಧ. ಬಂದೂಕು, ಡೇರೆ, ಸಾಲಾಗಿ ನಿಂತ ಸಿಪಾಯಿಗಳು. ಅಲ್ಲಿ ಸಮವಸ್ತ್ರವೇ ಅರ್ಧ ಕಥೆ ಹೇಳಿಬಿಡುತ್ತೆ. ನಮ್ಮದು ಸಿಪಾಯಿಗಳ ಕಥೆ ಅಲ್ಲ. ಎರಕ ಹೊಯ್ಯುವವನು, ಕಮ್ಮಾರ, ಬಡಗಿ, ಗಾಡಿ ಹೊಡೆಯುವವನು, ಮದುವೆಯಾಗದ ಕೆಲಸಗಾರರಿಗೆ ಬೇಯಿಸಿ ಹಾಕುವವಳು, ಅಂಗಡಿ ಗುಮಾಸ್ತ, ಇಂಥವರು. ಇವರನ್ನು ಬಟ್ಟೆ ನೋಡಿ ಗುರುತಿಸೋಕೆ ಆಗಲ್ಲ. ಕೈ ಏನು ಮಾಡ್ತಿದೆ ಅನ್ನೋದರಿಂದಲೇ ಗೊತ್ತಾಗಬೇಕು.

ಆ ಊರು ಹುಟ್ಟಿದ್ದೇ ಕೆಲಸಕ್ಕಾಗಿ. ಜೇಮ್ಸ್ ಅಲೇರ್ ನ್ಯೂಯಾರ್ಕ್‌ನಲ್ಲಿ ಸ್ಟೀಮ್ ಎಂಜಿನ್ ಮಾಡುತ್ತಿದ್ದವರು. 1819ರಲ್ಲಿ ಅಟ್ಲಾಂಟಿಕ್ ದಾಟಿದ ಸವಾನ್ನಾ ಹಡಗಿನ ಎಂಜಿನ್ ಸಿಲಿಂಡರ್ ಎರಕ ಆದದ್ದು ಅವರ ಕಾರ್ಖಾನೆಯಲ್ಲೇ. ಕಬ್ಬಿಣಕ್ಕೆ ಬೇರೆಯವರ ದಾರಿ ಕಾಯೋದು ಬೇಡ ಅಂತ 1822ರಲ್ಲಿ ಈ ಜಾಗ ಕೊಂಡರು. ಹೋವೆಲ್ ವರ್ಕ್ಸ್ ಅಂತ ಹೆಸರಾಯಿತು. ಇಲ್ಲಿ ಬೆಟ್ಟ ಅಗೆದು ಅದಿರು ತೆಗೆಯೋದಿಲ್ಲ. ಜೌಗು ನೆಲದಲ್ಲಿ ಕಬ್ಬಿಣದ ಅಂಶ ಇರೋ ನೀರು ಗಾಳಿ ಸೋಕಿ ತುಕ್ಕಿನ ಥರ ಗಟ್ಟಿಯಾಗುತ್ತೆ, ಅದನ್ನೇ ಎತ್ತಿ ತರುತ್ತಿದ್ದರು. ಸುತ್ತಲಿನ ಪೈನ್ ಕಾಡಿನಿಂದ ಇದ್ದಿಲು. ಅದಿರಿನ ಕಸ ಕರಗಿ ಬೇರೆಯಾಗಲು ಸುಣ್ಣದ ಅಂಶ ಬೇಕಲ್ಲ, ಅದಕ್ಕೆ ಸಮುದ್ರದ ಚಿಪ್ಪು. ಕುಲುಮೆಗೆ ಗಾಳಿ ಊದಲು ನೀರಿನ ಚಕ್ರ. ಇಷ್ಟರಿಂದ ಪೈಪು, ಒಲೆ, ಅಡುಗೆ ಪಾತ್ರೆ, ಇಸ್ತ್ರಿ ಪೆಟ್ಟಿಗೆ ಎಲ್ಲ ತಯಾರಾಗುತ್ತಿತ್ತು. ಚೆನ್ನಾಗಿ ನಡೆಯುತ್ತಿದ್ದಾಗ ಸುಮಾರು 400 ಜನ ಇದನ್ನೇ ನಂಬಿ ಬದುಕುತ್ತಿದ್ದರು.

ಈಗ ಇದರಲ್ಲಿ ನಿಮ್ಮ ಜಾಗ ಯಾವುದು ಅಂತ ಯೋಚಿಸಿ. ಬಾನೆಟ್ (ಆ ಕಾಲದ ಹೆಂಗಸರ ಟೋಪಿ) ಹಾಕಿಕೊಂಡು ಸುಮ್ನೆ ನಿಂತರೆ ಜನ ಫೋಟೋ ತಗೊಂಡು ಹೋಗ್ತಾರೆ. ಅದೇ ನೀವು ಒಲೆ ಮುಂದೆ ಕೂತು ಎರಕದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಬ್ರೆಡ್ ಬೇಯಿಸುತ್ತಿದ್ದರೆ ನಿಲ್ತಾರೆ. "ಮೇಲೂ ಕೆಂಡ ಯಾಕೆ?" ಅಂತ ಕೇಳ್ತಾರೆ. ಆ ಪ್ರಶ್ನೆ ಬಂದ ಮೇಲೆ ಪಾತ್ರೆ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಜನ ದುಡಿದರು, ಎಲ್ಲ ಹೇಳಬಹುದು. ಕೇಳದೇ ಇರೋರಿಗೆ ಇತಿಹಾಸ ಹೇಳೋದು ಬಹಳ ಕಷ್ಟ.

ಹೊಸಬ

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಕೇಳಿದವರಲ್ಲಿ ನಾನೂ ಒಬ್ಬ. ನನ್ನ ದೊಡ್ಡ ಅನುಮಾನ ಬೇರೆ. 1836ರ ನ್ಯೂಜೆರ್ಸಿಯ ಹಳ್ಳಿಯಲ್ಲಿ ನಮ್ಮಂಥವರು ಯಾರೂ ಇರಲಿಲ್ಲ. ನನ್ನ ಮೈಬಣ್ಣ, ನನ್ನ ಇಂಗ್ಲಿಷ್ ಉಚ್ಚಾರ ನೋಡಿ ಯಾರಾದರೂ ಮಗು "ನೀವು ಆಗ ಇಲ್ಲಿದ್ರಾ?" ಅಂದರೆ ಏನು ಹೇಳಲಿ? ಇದ್ದೆ ಅಂದರೆ ಸುಳ್ಳು. ಇಲ್ಲ ಅಂದರೆ ಮತ್ತೆ ಇಲ್ಲಿ ಯಾಕೆ ನಿಂತಿದ್ದೀನಿ?

ಇದ್ದಿಲು ಗೂಡು

ಹೊಸಬ ಅವರೇ, ನಾನಿರೋದು ಪೆನ್ಸಿಲ್ವೇನಿಯಾದಲ್ಲಿ. ನಮ್ಮ ಹತ್ತಿರದ್ದು ಹೋಪ್‌ವೆಲ್ ಫರ್ನೇಸ್. 1771ರಲ್ಲಿ ಶುರುವಾಗಿ 1883ರಲ್ಲಿ ಆರಿದ ಕುಲುಮೆ, 1938ರಿಂದ ರಾಷ್ಟ್ರೀಯ ಸ್ಮಾರಕ. ಈ ಕೆಲಸವನ್ನು ಎರಡು ರೀತಿ ಮಾಡ್ತಾರೆ. ಒಂದು, ಆ ಕಾಲದವರೇ ಆಗಿಬಿಡೋದು: ರೈಲು ಅಂದರೆ ಹೊಸದು ಅಂತ ಬೆರಗು ಪಡೋದು, ಮೊಬೈಲ್ ತೋರಿಸಿದರೆ ಏನದು ಅನ್ನೋದು. ಇನ್ನೊಂದು, ಬಟ್ಟೆ ಕೆಲಸ ಎಲ್ಲ ಆ ಕಾಲದ್ದು, ಮಾತು ಮಾತ್ರ ಇವತ್ತಿನದು: "ಅವರು ಹೀಗೆ ಮಾಡುತ್ತಿದ್ದರು, ನೋಡಿ" ಅಂತ. ನನಗೆ ಎರಡನೆಯದೇ ಸರಿ ಅನ್ಸುತ್ತೆ, ಎಲ್ಲರಿಗೂ. ಮೊದಲನೆಯದಕ್ಕೆ ಬಹಳ ಓದು ಬೇಕು, ನಟನೆ ಬೇಕು, ಮತ್ತು ಬಂದವರು ಗಂಭೀರವಾದ ಪ್ರಶ್ನೆ ಕೇಳಿದಾಗ ಪಾತ್ರ ಬಿಟ್ಟು ಉತ್ತರ ಕೊಡೋಕೆ ಆಗಲ್ಲ.

ಈ ಊರುಗಳಲ್ಲಿ ಇದ್ದವರೆಲ್ಲ ಒಂದೇ ಥರದ ಜನ ಅಂತಲೂ ಅಂದುಕೊಳ್ಳಬೇಡಿ. ಹೋಪ್‌ವೆಲ್ ಶುರು ಮಾಡಿದ ಮಾರ್ಕ್ ಬರ್ಡ್ ಗುಲಾಮರನ್ನು ಇಟ್ಟುಕೊಂಡಿದ್ದ. ಆಮೇಲಿನ ದಶಕಗಳಲ್ಲಿ ಸ್ವತಂತ್ರ ಕರಿಯರು ಅಲ್ಲಿ ಕೂಲಿಗೆ ದುಡಿದಿದ್ದಾರೆ. ಹೆಂಗಸರೂ ದುಡ್ಡಿಗೆ ದುಡಿದಿದ್ದಾರೆ, ಎರಕದ ಸಾಮಾನುಗಳ ಒರಟು ಅಂಚು ಉಜ್ಜಿ ನಯ ಮಾಡೋ ಕೆಲಸ ಕೂಡ.

ಇನ್ನು ಇದ್ದಿಲು ಸುಡೋದರ ಬಗ್ಗೆ ನಾನು ಹೇಳಲೇಬೇಕು, ನನಗೆ ಅದೇ ಪ್ರಾಣ. ಕಟ್ಟಿಗೆಯನ್ನು ನೆಟ್ಟಗೆ ಗುಡ್ಡೆ ಹಾಕಿ, ಮೇಲೆ ಎಲೆ, ಮಣ್ಣು ಮುಚ್ಚಿ, ಒಳಗೆ ಬೆಂಕಿ ಇಡ್ತಾರೆ. ಅದು ಉರಿಯಬಾರದು, ಬೇಯಬೇಕು. ಎಲ್ಲಾದರೂ ಮಣ್ಣು ಕುಸಿದು ಗಾಳಿ ಹೊಕ್ಕರೆ ಇಡೀ ಗುಡ್ಡೆ ಹೊತ್ತಿಕೊಂಡು ಬೂದಿ. ಹೀಗೆ ಸುಮಾರು ಎರಡು ವಾರ ಹಗಲೂ ರಾತ್ರಿ ಕಾಯಬೇಕು. ಇದ್ದಿಲು ಸುಡುವವನು ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದ. ಗುಡ್ಡೆ ಮೇಲೆ ಹತ್ತಿ ಎಲ್ಲಿ ಮೆತ್ತಗಾಗಿದೆ ಅಂತ ತುಳಿದು ನೋಡುತ್ತಿದ್ದ. ಕೆಳಗೆ ಬೆಂಕಿ ಇರುತ್ತೆ, ಕಾಲು ಕುಸಿದರೆ ಕಥೆ ಮುಗೀತು. ಹೊಗೆಯ ಬಣ್ಣ ನೋಡಿ ಒಳಗೆ ಏನಾಗ್ತಿದೆ ಅಂತ ಹೇಳಬೇಕು. ಇದು ಪುಸ್ತಕ ಓದಿ ಬರೋದಲ್ಲ. ಕುಲುಮೆ ಪೂರ್ತಿ ನಡೆಯುವಾಗ ದಿನಕ್ಕೆ ಸುಮಾರು ಒಂದು ಎಕರೆ ಕಾಡು ಬೇಕಾಗುತ್ತಿತ್ತು ಅಂದರೆ ಈ ಕೆಲಸಕ್ಕೆ ಎಷ್ಟು ಜನ ಇದ್ದಿರಬೇಕು ಯೋಚಿಸಿ.

ಸೂಜಿ ದಾರ

ಕೆಲಸ ಮೊದಲು ಅನ್ನೋದು ಒಪ್ಪಿದೆ. ಆದರೆ ಬಟ್ಟೆಯನ್ನು ಅಷ್ಟು ಹಗುರ ಮಾಡಬೇಡಿ ಅಕ್ಕಾ. ಬಟ್ಟೆ ಹೊಲಿಯೋದೇ ಆ ಕಾಲದ ಹೆಂಗಸರ ಅತಿ ದೊಡ್ಡ ಕೆಲಸ ಆಗಿತ್ತು ಅಲ್ವಾ?

1836 ಅಂದರೆ ಹೊಲಿಗೆ ಯಂತ್ರ ಮನೆಗೆ ಬಂದಿಲ್ಲ. ಎಲಿಯಾಸ್ ಹೋವ್ ಪೇಟೆಂಟ್ 1846ರದ್ದು, ಸಿಂಗರ್ 1851ರದ್ದು. ಮನೆಯವರ ಒಂದೊಂದು ಅಂಗಿಯ ಒಂದೊಂದು ಹೊಲಿಗೆಯೂ ಕೈಯದ್ದೇ. ಹಾಗಾಗಿ ಹೊಸಬರು ಯಾರಿಗಾದರೂ ಏನು ಕೆಲಸ ಕಲಿಯೋದು ಅಂತ ತೋಚದಿದ್ದರೆ, ಒಂದು ಒಳಅಂಗಿಯನ್ನು ಕೈಯಲ್ಲಿ ಹೊಲಿಯೋಕೆ ಕೂತುಕೊಳ್ಳಿ. ಬಟ್ಟೆಯೂ ಆಯ್ತು, ಜನರ ಮುಂದೆ ಮಾಡೋ ಕೆಲಸವೂ ಆಯ್ತು.

ಬಣ್ಣ ನೋಡಿಕೊಳ್ಳಿ. ಗಾಢವಾದ ಕೆಮಿಕಲ್ ನೇರಳೆ ಬಣ್ಣ 1856ರಲ್ಲಿ ಪರ್ಕಿನ್ ಕಂಡುಹಿಡಿದ ಮೇಲೆ ಬಂದದ್ದು. ಅದಕ್ಕೂ ಮೊದಲು ಬಹುಪಾಲು ಗಿಡ, ಬೇರು, ಹುಳದ ಬಣ್ಣ. ತೋಳು ಕೂಡ: 1830ರ ದಶಕದ ಮೊದಲ ಅರ್ಧದಲ್ಲಿ ಬುಗ್ಗೆ ಬುಗ್ಗೆ ದೊಡ್ಡ ತೋಳಿನ ಫ್ಯಾಷನ್, 1836ರ ಹೊತ್ತಿಗೆ ಅದು ಇಳಿಯೋಕೆ ಶುರು. ಆದರೆ ಕೆಲಸದವರ ಮನೆಯಲ್ಲಿ ಹಳೇ ಬಟ್ಟೆ ಬಿಚ್ಚಿ ಮತ್ತೆ ಹೊಲಿದು ಹಾಕುತ್ತಿದ್ದರು, ಫ್ಯಾಷನ್ ಪುಸ್ತಕ ನೋಡಿ ಹೊಸ ಉಡುಪು ಮಾಡಿಸಿಕೊಂಡರೆ ನೀವು ಮಾಲೀಕರ ಮನೆಯವರ ಥರ ಕಾಣ್ತೀರಿ.

ಮುಖ್ಯವಾದದ್ದು ಇದು. ಆನ್‌ಲೈನ್‌ನಲ್ಲಿ ಸಿಗೋ "ಹಳೇ ಕಾಲದ ಉಡುಪು" ಜಾಸ್ತಿ ಪಾಲಿಯೆಸ್ಟರ್. ಒಲೆ ಹತ್ತಿರ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಬೆಂಕಿ ಹತ್ತಿರ ಕೆಲಸ ಅಂದರೆ ಉಣ್ಣೆ, ಇಲ್ಲಾ ಹತ್ತಿ. ಇದರಲ್ಲಿ ರಾಜಿ ಬೇಡ.

ಹೊಸಬ ಅವರ ಪ್ರಶ್ನೆಗೂ ಬಟ್ಟೆಯಲ್ಲೇ ಒಂದು ಉತ್ತರ ಇದೆ. ಆ ಕಾಲದ ನೀಲಿ ಬಟ್ಟೆಗೆ ಬೇಕಾದ ನೀಲಿ ಬಣ್ಣವನ್ನು ಜಗತ್ತಿಗೆಲ್ಲ ಜಾಸ್ತಿ ಕಳಿಸುತ್ತಿದ್ದದ್ದು ಬಂಗಾಳ, ಅದೂ ರೈತರನ್ನು ಸಾಲದಲ್ಲಿ ಕಟ್ಟಿಹಾಕಿ ಬೆಳೆಸಿದ್ದು. ಅಮೆರಿಕದ ಗಂಡಸರು ಕುತ್ತಿಗೆಗೆ ಕಟ್ಟುತ್ತಿದ್ದ ಚುಕ್ಕಿ ರೇಷ್ಮೆ ಕರವಸ್ತ್ರಗಳೂ ಬಂಗಾಳದಿಂದ ಹಡಗಿನಲ್ಲಿ ಬರುತ್ತಿದ್ದವು. 1833ರಲ್ಲಿ ಬಾಸ್ಟನ್‌ನಿಂದ ಕಲ್ಕತ್ತಾಗೆ ಐಸ್ ತುಂಬಿದ ಹಡಗು ಹೋಗಿತ್ತು ಗೊತ್ತಾ? ನಮ್ಮವರು ಆ ಹಳ್ಳಿಯಲ್ಲಿ ಇರಲಿಲ್ಲ, ನಮ್ಮವರು ಬೆವರು ಸುರಿಸಿದ ಸಾಮಾನು ಮಾತ್ರ ಅಮೆರಿಕದ ಅಂಗಡಿಗಳಲ್ಲಿ ಇತ್ತು. ಆ ಮಗು ಕೇಳಿದರೆ ಇದನ್ನು ಹೇಳಿ.

ಹೊಸಬ

ಇದು ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್. ನೀಲಿಯ ಬಗ್ಗೆ ಇನ್ನಷ್ಟು ಓದ್ತೀನಿ. ಕೆಲಸ ಅಂತ ನೋಡಿದರೆ ನನಗೆ ಮರಗೆಲಸದ ಆಸೆ ಇದೆ.

ನೇರ ಮಾತು

ಎಲ್ಲರೂ ಬಹಳ ಪ್ರೀತಿಯಿಂದ ಬರೆದಿದ್ದೀರಿ, ಅದಕ್ಕೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಮಾಲೀಕನ ಊರು. ಮನೆ ಅವನದು, ಅಂಗಡಿ ಅವನದು, ಚರ್ಚ್ ಕಟ್ಟಿದ್ದು ಅವನು. ಹೋವೆಲ್ ವರ್ಕ್ಸ್ ತನ್ನದೇ ನೋಟು ಅಚ್ಚು ಹಾಕಿಸಿ ಅದರಲ್ಲಿ ಕೂಲಿ ಕೊಡುತ್ತಿತ್ತು ಅಂತ ಓದಿದ್ದೇನೆ. ಆ ನೋಟು ಅವನ ಅಂಗಡಿಯಲ್ಲೇ ಖರ್ಚಾಗಬೇಕು. ಇದರ ಮುಂದೆ ನಾವು ಬ್ರೆಡ್ ಬೇಯಿಸಿ, ಬಾನೆಟ್ ಕಟ್ಟಿ "ಎಷ್ಟು ಚಂದದ ಹಳೇ ಕಾಲ" ಅಂತ ತೋರಿಸೋದು ಸರಿಯಾ? ಕೆಲಸಗಾರರ ಕಷ್ಟ ಎಲ್ಲಿ ಕಾಣುತ್ತೆ?

ಮ್ಯಾಂಚೆಸ್ಟರ್ ಮಳೆ

ಈ ಪ್ರಶ್ನೆ ಇಂಗ್ಲೆಂಡ್‌ನಲ್ಲೂ ಇದೆ. ನಮ್ಮ ಕಡೆ ಸ್ಟೈಯಲ್ ಹಳ್ಳಿಯ ಕ್ವಾರಿ ಬ್ಯಾಂಕ್ ಮಿಲ್ ಇದೆ. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಶುರು ಮಾಡಿದ ಹತ್ತಿ ಮಿಲ್. ಅನಾಥಾಲಯದಂಥ ಬಡವರ ಆಶ್ರಯಗಳಿಂದ ಮಕ್ಕಳನ್ನು ಕರೆತಂದು ಅಪ್ರೆಂಟಿಸ್ ಹೌಸ್ ಅನ್ನೋ ಮನೆಯಲ್ಲಿ ಇಟ್ಟು ದುಡಿಸುತ್ತಿದ್ದರು. ಆ ಮನೆ ಈಗಲೂ ಇದೆ. ಹಳೇ ಬಟ್ಟೆಯಲ್ಲಿದ್ದವರು ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು ಅಂತ ತೋರಿಸ್ತಾರೆ. ಗಂಜಿ ಎಷ್ಟು ಗಟ್ಟಿ ಅಂದರೆ ಅಂಗೈಗೆ ಹಾಕಿಕೊಂಡು ತಿನ್ನಬಹುದಿತ್ತಂತೆ.

ಅಲ್ಲಿ ನನಗೆ ಇಷ್ಟವಾದದ್ದು, ಕಷ್ಟವನ್ನು ಹೆಸರಿಟ್ಟು ಹೇಳ್ತಾರೆ. 1806ರಲ್ಲಿ ಥಾಮಸ್ ಪ್ರೀಸ್ಟ್ಲಿ, ಜೋಸೆಫ್ ಸೆಫ್ಟನ್ ಅನ್ನೋ ಇಬ್ಬರು ಹುಡುಗರು ಮಿಲ್‌ನಿಂದ ಲಂಡನ್‌ಗೆ ಓಡಿಹೋದರು. ಥಾಮಸ್ ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ತಾಯಿಯನ್ನು ನೋಡಬೇಕು ಅಂತ ಹೋದ. ಹಿಡಿದ ಮೇಲೆ ಅವರು ಕೊಟ್ಟ ಹೇಳಿಕೆ ದಾಖಲೆಯಲ್ಲಿ ಉಳಿದಿದೆ, ಅದರಿಂದಲೇ ಆ ಮನೆಯ ಒಳಗಿನ ಬದುಕು ನಮಗೆ ಗೊತ್ತಾಗಿದೆ. ಗ್ರೆಗ್ ಮನೆತನಕ್ಕೆ ಡೊಮಿನಿಕಾದಲ್ಲಿ ಗುಲಾಮರು ದುಡಿಯುವ ತೋಟ ಇತ್ತು. ಮಿಲ್‌ಗೆ ಬರುತ್ತಿದ್ದ ಹತ್ತಿಯೂ ಬಹಳಷ್ಟು ಗುಲಾಮರು ಬೆಳೆದದ್ದೇ.

ಮಗ್ಗದ ಕೋಣೆಯ ಸದ್ದು ಬೇರೆ ಇದೆ. ಕೆಲವೇ ಮಗ್ಗ ಓಡಿಸಿದರೂ ಪಕ್ಕದವರ ಮಾತು ಕೇಳಲ್ಲ. ನೂರಾರು ಮಗ್ಗ ಓಡುತ್ತಿದ್ದ ಕಾಲದಲ್ಲಿ ಲ್ಯಾಂಕಾಷೈರ್‌ನ ಹೆಂಗಸರು ತುಟಿ ಅಲ್ಲಾಡೋದು ನೋಡಿ ಮಾತಾಡಿಕೊಳ್ಳುತ್ತಿದ್ದರು. ಕಿವಿ ಹೋಗುತ್ತಿತ್ತು. ಇದನ್ನು ಯಾವ ಬೋರ್ಡ್ ಬರೆದು ಹಾಕಿದರೂ ಅರ್ಥ ಆಗಲ್ಲ, ಆ ಕೋಣೆಯಲ್ಲಿ ಒಂದು ನಿಮಿಷ ನಿಂತರೆ ಆಗುತ್ತೆ. ಹಾಗಾಗಿ ನೇರ ಮಾತು ಅವರೇ, ಕೆಲಸ ತೋರಿಸೋದರಿಂದ ಕಷ್ಟ ಮುಚ್ಚಿಹೋಗಲ್ಲ. ಬರೀ ಬಟ್ಟೆ, ಬರೀ ತಿಂಡಿ ತೋರಿಸಿದರೆ ಮುಚ್ಚಿಹೋಗುತ್ತೆ.

ನೇರ ಮಾತು

ಸರಿ, ಆದರೆ ಎಲ್ಲವನ್ನೂ ಮಾಡಿ ತೋರಿಸೋಕೆ ಆಗುತ್ತಾ? 1994ರಲ್ಲಿ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಅನ್ನೋ ಬಯಲು ಮ್ಯೂಸಿಯಂನಲ್ಲಿ ಗುಲಾಮರ ಹರಾಜನ್ನೇ ನಟಿಸಿ ತೋರಿಸಿದ್ದರು. ದೊಡ್ಡ ಪ್ರತಿಭಟನೆ ಆಯ್ತು. ನೋಡಿದವರಲ್ಲಿ ಕೆಲವರು ಅತ್ತರು, ತೋರಿಸಲೇಬೇಕು ಅಂದವರೂ ಇದ್ದರು. ಗೆರೆ ಎಲ್ಲಿ ಎಳೀತೀರಿ?

ಜರ್ಸಿ ಕನ್ನಡತಿ

ಒಳ್ಳೇ ಪ್ರಶ್ನೆ. ನನ್ನ ಗೆರೆ ಇದು: ದುಡಿಮೆಯನ್ನು ನಾನು ಮಾಡಿ ತೋರಿಸ್ತೀನಿ, ಇನ್ನೊಬ್ಬರ ಅವಮಾನವನ್ನು ನಟಿಸಲ್ಲ. ಅದನ್ನು ಬಾಯಲ್ಲಿ ಹೇಳ್ತೀನಿ, ಸ್ಪಷ್ಟವಾಗಿ, ಮುಖ ನೋಡಿ. ನ್ಯೂಜೆರ್ಸಿ ಉತ್ತರದ ರಾಜ್ಯ, ಇಲ್ಲಿ ಗುಲಾಮಗಿರಿ ಇರಲೇ ಇಲ್ಲ ಅಂತ ಬಹಳ ಜನ ನಂಬಿಕೊಂಡಿರ್ತಾರೆ. 1804ರ ಕಾನೂನು ಅದನ್ನು ನಿಧಾನಕ್ಕೆ, ಹೊಸದಾಗಿ ಹುಟ್ಟುವ ಮಕ್ಕಳಿಂದ ಶುರು ಮಾಡಿ ನಿಲ್ಲಿಸುವ ಕಾನೂನು. 1836ರಲ್ಲಿ ಈ ರಾಜ್ಯದಲ್ಲಿ ಇನ್ನೂ ಗುಲಾಮರಿದ್ದರು. 1846ರಲ್ಲಿ ಅವರಿಗೆ "ಜೀವನಪೂರ್ತಿ ಅಪ್ರೆಂಟಿಸ್" ಅಂತ ಹೊಸ ಹೆಸರು ಕೊಟ್ಟರು ಅಷ್ಟೇ. ನಾನು ಹತ್ತಿಯ ಏಪ್ರನ್ ಹಿಡಿದು ಈ ಹತ್ತಿ ಯಾರು ಕಿತ್ತದ್ದು ಅಂತ ಕೇಳ್ತೀನಿ. ದೊಡ್ಡವರು ಸುಮ್ಮನಾಗ್ತಾರೆ, ಮಕ್ಕಳು ಉತ್ತರ ಹೇಳ್ತಾರೆ.

ಕಂಪನಿ ನೋಟಿನ ವಿಷಯ ನೀವು ಹೇಳಿದ್ದು ನಿಜ. ಅಂಗಡಿ ಮುಂದೆ ನಿಂತಾಗ ನಾನು ಅದರಿಂದಲೇ ಶುರು ಮಾಡ್ತೀನಿ. ವಾರವೆಲ್ಲ ದುಡಿದೆ, ಕೈಗೆ ಬಂದದ್ದು ಈ ಕಾಗದ, ಊರು ಬಿಟ್ಟು ಹೋಗಬೇಕು ಅಂದರೆ ಇದನ್ನು ಯಾರು ತಗೋತಾರೆ? ಬಂದವರು ಲೆಕ್ಕ ಹಾಕಿ ನೋಡಲಿ. ಇಂಗ್ಲೆಂಡಿನ ಬ್ಲಿಸ್ಟ್ಸ್ ಹಿಲ್ ಅನ್ನೋ ಬಯಲು ಮ್ಯೂಸಿಯಂನಲ್ಲಿ ಬಂದವರು ಬ್ಯಾಂಕಿಗೆ ಹೋಗಿ ಇವತ್ತಿನ ದುಡ್ಡು ಕೊಟ್ಟು ಹಳೇ ನಾಣ್ಯ ತಗೊಂಡು ಅಂಗಡಿಯಲ್ಲಿ ಖರ್ಚು ಮಾಡ್ತಾರೆ. ಮಕ್ಕಳಿಗೆ ಬಹಳ ಖುಷಿ ಅದು. ಆದರೆ ಕಂಪನಿ ನೋಟು ಕೊಟ್ಟು, ಅದು ಒಂದೇ ಅಂಗಡಿಯಲ್ಲಿ ನಡೆಯುತ್ತೆ ಅಂತ ಹೇಳಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ ಅಂತ ನನ್ನ ಅಭಿಪ್ರಾಯ.

ಆದರೆ ಎರಡೂ ಬದಿ ಹೇಳಬೇಕು. 1832ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಲರಾ ಬಂದಾಗ ಅಲೇರ್ ತಮ್ಮ ಕುಟುಂಬವನ್ನೇ ಈ ಹಳ್ಳಿಗೆ ಕಳಿಸಿದರು. ಕೆಲಸಗಾರರ ಮಕ್ಕಳಿಗೆ ದುಡ್ಡಿಲ್ಲದೆ ಶಾಲೆ ಇತ್ತು. ಆ ಕಾಲದ ಎಲ್ಲ ಕೂಲಿಗಳ ಮಕ್ಕಳಿಗೂ ಇದು ಸಿಗುತ್ತಿರಲಿಲ್ಲ. ಒಬ್ಬ ಎರಕದವನ ಹೆಂಡತಿ ಈ ಊರನ್ನು ಬಿಡೋಕೆ ಇಷ್ಟಪಡದೇ ಇರೋದಕ್ಕೂ ಕಾರಣ ಇತ್ತು, ಬಿಡೋಕೆ ಆಗದೇ ಇರೋದಕ್ಕೂ ಕಾರಣ ಇತ್ತು.

ಮತ್ತೆ 1836 ಯಾಕೆ ಅನ್ನೋದನ್ನೂ ಮರೆಯಬೇಡಿ. ಅದು ಊರು ತುಂಬಿ ತುಳುಕುತ್ತಿದ್ದ ವರ್ಷ. ಮುಂದಿನ ವರ್ಷವೇ 1837ರ ಬ್ಯಾಂಕ್ ಕುಸಿತ. ಅದೇ ವರ್ಷ ಅಲೇರ್ ಅವರ ಹೋಮ್ ಅನ್ನೋ ಹಡಗು ಉತ್ತರ ಕೆರೊಲಿನಾ ತೀರದಲ್ಲಿ ಒಡೆದು ಬಹಳ ಜನ ಸತ್ತರು. 1840ರಿಂದ ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲು ಉರಿಸಿ ಅದಿರಿನಿಂದ ಕಬ್ಬಿಣ ತೆಗೆಯೋದು ಶುರುವಾಯಿತು, ಅಗ್ಗ. ಇದ್ದಿಲಿನ ಕುಲುಮೆ ಅದರ ಮುಂದೆ ನಿಲ್ಲಲಿಲ್ಲ, ಆ ದಶಕದಲ್ಲೇ ಆರಿತು. ನಾವು ತೋರಿಸೋ ಜನಕ್ಕೆ ಇದು ಯಾವುದೂ ಗೊತ್ತಿಲ್ಲ. ನಮಗೆ ಗೊತ್ತು. ಆ ಅಂತರ ಹೇಳೋಕೇ ಇವತ್ತಿನ ಮಾತಿನಲ್ಲಿ ಮಾತಾಡೋದು ಒಳ್ಳೇದು ಅಂತ ನಾನೂ ಒಪ್ತೀನಿ.

ಭದ್ರಾ ತೀರ

ನಾನು ಭದ್ರಾವತಿಯವನು. ಇದ್ದಿಲು ಗೂಡು ಅವರು ಬರೆದದ್ದು ಓದಿ ಸುಮ್ಮನಿರೋಕೆ ಆಗಲಿಲ್ಲ. ನಮ್ಮೂರ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಶುರುವಾದಾಗ ಅದೂ ಇದ್ದಿಲಿನದ್ದೇ. ಕಲ್ಲಿದ್ದಲು ನಮ್ಮಲ್ಲಿ ಇಲ್ಲ, ಮಲೆನಾಡಿನ ಕಾಡು ಇತ್ತು. ಅದಿರು ಕೆಮ್ಮಣ್ಣುಗುಂಡಿಯಿಂದ. ಕಟ್ಟಿಗೆಯನ್ನು ದೊಡ್ಡ ಯಂತ್ರದಲ್ಲಿ ಸುಟ್ಟು ಇದ್ದಿಲಿನ ಜೊತೆಗೆ ಡಾಂಬರು, ಸ್ಪಿರಿಟ್ ಕೂಡ ತೆಗೆಯುತ್ತಿದ್ದರು. ನೀವು ಹೇಳುತ್ತಿರೋ ಅಮೆರಿಕದ ಈ ಇದ್ದಿಲಿನ ಹಳ್ಳಿಗಳು ಆರಿ ಎಷ್ಟೋ ವರ್ಷ ಆದಮೇಲೆ ನಮ್ಮಲ್ಲಿ ಹೊತ್ತಿದ್ದು. ನಮ್ಮ ತಾತ ಅಲ್ಲಿ ಕೆಲಸಕ್ಕೆ ಇದ್ದವರು. ಎರಕ ಹೊಯ್ಯುವಾಗ ಗೋಣಿಚೀಲ ಒದ್ದೆ ಮಾಡಿ ಕಾಲಿಗೆ ಕಟ್ಟಿಕೊಳ್ಳುತ್ತಿದ್ದೆವು ಅಂತ ಹೇಳುತ್ತಿದ್ದರು.

ನನ್ನ ಕೇಳಿಕೆ ಇದು. ನಮ್ಮಲ್ಲಿ ರಾಮನಗರದ ಜಾನಪದ ಲೋಕ ಇದೆ, ಮಣಿಪಾಲದಲ್ಲಿ ಹಳೇ ಮನೆಗಳನ್ನು ತಂದು ಮತ್ತೆ ಕಟ್ಟಿದ ಹೆರಿಟೇಜ್ ವಿಲೇಜ್ ಇದೆ. ಎರಡೂ ಬಹಳ ಒಳ್ಳೇ ಕೆಲಸ. ಆದರೆ ಕಾರ್ಖಾನೆ ಊರುಗಳ ಬದುಕನ್ನು ಮಾಡಿ ತೋರಿಸೋ ಜಾಗ ಎಲ್ಲಿದೆ? ಗೋಕಾಕ ಫಾಲ್ಸ್‌ನ ಹತ್ತಿ ಮಿಲ್ 1880ರ ದಶಕದ್ದು, ಕೆಜಿಎಫ್ ಗಣಿಯೂ ಅದೇ ಕಾಲದಲ್ಲಿ ಜೋರಾಗಿ ಶುರುವಾದದ್ದು, 2001ರಲ್ಲಿ ಮುಚ್ಚಿತು. ಕೆಜಿಎಫ್‌ನಲ್ಲಿ ನೆಲದ ಕೆಳಗೆ ಇಳಿದು ದುಡಿದವರು ಇನ್ನೂ ಬದುಕಿದ್ದಾರೆ. ಅಮೆರಿಕದವರು ಹಳೇ ಕಾಗದ ನೋಡಿ ಊಹಿಸಿ ಮಾಡೋದನ್ನು ನಮ್ಮಲ್ಲಿ ಮಾಡಿದವರ ಬಾಯಿಂದಲೇ ಕೇಳಿ ಕಲಿಯಬಹುದು.

ಮ್ಯಾಂಚೆಸ್ಟರ್ ಮಳೆ

ಹಾಗಾದರೆ ಕಟ್ಟಡಕ್ಕೆ ಕಾಯಬೇಡಿ ಸರ್. ಮೊದಲು ವಿಡಿಯೋ ಮಾಡಿ. ಸಂದರ್ಶನ ಮಾತ್ರ ಅಲ್ಲ, ಕೈ ಹೇಗೆ ಆಡುತ್ತಿತ್ತು ಅನ್ನೋದನ್ನು. ಸಲಿಕೆ ಹೇಗೆ ಹಿಡಿಯುತ್ತಿದ್ದರು, ಗೋಣಿ ಹೇಗೆ ಕಟ್ಟುತ್ತಿದ್ದರು, ಡ್ಯೂಟಿಗೆ ಬುತ್ತಿ ಹೇಗೆ ಕಟ್ಟಿಕೊಳ್ಳುತ್ತಿದ್ದರು. ಹೆಂಗಸರನ್ನೂ ಕೇಳಿ. ಪಾಳಿ ಮುಗಿಸಿ ಬಂದವರ ಬಟ್ಟೆ ಯಾರು, ಹೇಗೆ ಒಗೆಯುತ್ತಿದ್ದರು ಅಂತ ಇಲ್ಲಿನ ಮಿಲ್‌ಗಳ ಬಗ್ಗೆ ಹುಡುಕಿದರೂ ಎಷ್ಟೋ ಸಲ ಸಿಗಲ್ಲ, ಯಾರೂ ಕೇಳಿ ಬರೆದುಕೊಂಡಿಲ್ಲ.

ಇದ್ದಿಲು ಗೂಡು

ಭದ್ರಾ ತೀರ ಅವರೇ, ನಿಮ್ಮ ಕಡೆ ಮಣ್ಣು ಮುಚ್ಚಿ ಇದ್ದಿಲು ಸುಡುತ್ತಿದ್ದವರು ಯಾರಾದರೂ ಇದ್ದರೆ, ಹೊಗೆಯ ಬಣ್ಣದ ಲೆಕ್ಕ ಅವರದು ಏನು ಅಂತ ದಯವಿಟ್ಟು ಕೇಳಿ. ಬಿಳಿ ಹೊಗೆ ಅಂದರೆ ಇನ್ನೂ ನೀರು ಹೋಗ್ತಿದೆ, ತೆಳು ನೀಲಿ ಆದರೆ ಬೆಂದಿದೆ ಅಂತ ಇಲ್ಲಿ ಹೇಳ್ತಾರೆ. ನಮ್ಮ ಮಲೆನಾಡಿನ ಮರಗಳಿಗೂ ಇದೇನಾ?

ಭದ್ರಾ ತೀರ

ಕೇಳ್ತೀನಿ ಅಣ್ಣಾ. ದೂರದ ಸಂಬಂಧದ ಅಜ್ಜಿ ಒಬ್ಬರಿದ್ದಾರೆ, ಅವರ ಅಪ್ಪ ಗೂಡು ಹಾಕುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋದಾಗ ರೆಕಾರ್ಡ್ ಮಾಡ್ಕೊಂಡು ಬಂದು ಇಲ್ಲೇ ಹಾಕ್ತೀನಿ.

ಜರ್ಸಿ ಕನ್ನಡತಿ

ಹೊಸಬ ಅವರೇ, ಮರಗೆಲಸ ಅಂದಿರಲ್ಲ. ಹಾಗಾದರೆ ಬಡಗಿ ಅಂಗಡಿ ಕಡೆ ಬನ್ನಿ. ಮೊದಲು ಮಾಮೂಲಿ ಬಟ್ಟೆಯಲ್ಲೇ ಬಂದು ಉಜ್ಜುಗೊರಡು ಹಿಡಿಯೋದು ಕಲಿಯಿರಿ. ಎರಕ ಹೊಯ್ಯೋಕೆ ಮರದ ಅಚ್ಚು ಬೇಕು, ಆ ಅಚ್ಚು ಕೊರೆಯುವವನು ಇಲ್ಲದೆ ಹೋವೆಲ್ ವರ್ಕ್ಸ್‌ನಿಂದ ಒಂದು ಪಾತ್ರೆಯೂ ಹೊರಗೆ ಬರುತ್ತಿರಲಿಲ್ಲ. ಕಬ್ಬಿಣ ತಣ್ಣಗಾದಾಗ ಕುಗ್ಗುತ್ತೆ, ಅದಕ್ಕೇ ಅಚ್ಚನ್ನು ಸ್ವಲ್ಪ ದೊಡ್ಡದಾಗಿ ಮಾಡಬೇಕು, ಅಡಿಗೆ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗ. ಅದನ್ನು ಲೆಕ್ಕ ಹಾಕಿ ಗುರುತು ಹಾಕೋದು ನಿಮಗೆ ಬಂದ ದಿನ ಅಂಗಿಗೆ ಬಟ್ಟೆ ಕತ್ತರಿಸೋಣ. ಸೂಜಿ ದಾರ ಅವರೇ, ಅಳತೆಗೆ ನೀವೂ ಬರಬೇಕು.

ಸೂಜಿ ದಾರ

ಬರ್ತೀನಿ. ಉಣ್ಣೆಯ ಕೋಟು ಬೇಡ ಈಗ, ಬೇಸಿಗೆಗೆ ಲಿನನ್ ಅಂಗಿ ಸಾಕು. ಕಾಲರ್ ಹೊಲಿಗೆ ಮಾತ್ರ ಅವರೇ ಹಾಕಲಿ, ನಾನು ಹೇಳಿಕೊಡ್ತೀನಿ.